ಅವ್ವ ಕಂಡ ಮಕ್ಕಳು

ಕಳೆದ ವರ್ಷ ಶ್ರಾವಣದ ಒಂದು ಸಂಜೆ. ಕಾತ್ರಜದಲ್ಲಿ ಶ್ರಾವಣ ಅಂದರೆ ಘಾಟಿನ ಕಡೆಯಿಂದ ಇಳಿದ ಮೋಡ ನಮ್ಮ ಐದನೇ ಮಹಡಿಯ ಕಿಟಕಿಯ ಹತ್ತಿರ ಬಂದು ನಿಂತಿರುತ್ತದೆ. ನಾಲ್ಕು ಗಂಟೆಗೇ ದೀಪ ಹಾಕಬೇಕು. ಅವತ್ತು ಯಾರೂ ಹಾಕಿರಲಿಲ್ಲ. ನಾನು ಒಳಗೆ ಆಫೀಸಿನ ಕಾಲ್‌ನಲ್ಲಿದ್ದೆ, ಹೆಂಡತಿ ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಹಾಲ್‌ನಿಂದ ಅವ್ವನ ದನಿ ಬಂತು: "ಈ ಹುಡುಗೂರಿಗೆ ಏನರ ತಿನ್ನಾಕ ಕೊಡವಾ. ಆವಾಗಿಂದ ಸುಮ್ನ ಕುಂತಾವ."

ಮಗಳು ಟ್ಯೂಷನ್‌ಗೆ ಹೋಗಿದ್ದಳು. ಹೆಂಡತಿ ಬಂದು ನೋಡಿದರೆ ಸೋಫಾದ ಮೇಲೆ ಮಡಚದ ಬಟ್ಟೆಯ ರಾಶಿ ಬಿಟ್ಟರೆ ಬೇರೇನೂ ಇಲ್ಲ. "ಯಾವ ಹುಡುಗೂರು, ಅತ್ತೀ?" ಅಂದಳು. ಅವ್ವ ಒಂದು ಸಲ ಸೋಫಾದ ಕಡೆ, ಒಂದು ಸಲ ಇವಳ ಕಡೆ ನೋಡಿ, "ಏನಿಲ್ಲ ಬಿಡವಾ, ಏನೋ ನೆನಸಿದ್ನಿ" ಅಂದು ಸುಮ್ಮನಾದಳು. ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಕಳೆದ ತಿಂಗಳ ಅಂಕಣದಲ್ಲಿ ಕಾತ್ರಜ ಬೈಪಾಸಿನ ಟ್ರಾಫಿಕ್ಕಿನ ಬಗ್ಗೆ ನಗೆಯಾಡಿದವನು ಈ ಸಲ ಇದನ್ನು ಯಾಕೆ ಬರೆಯುತ್ತಿದ್ದಾನೆ ಅಂತ ನೀವು ಕೇಳಬಹುದು. ಈ ಪುಟ ಓದುವವರಲ್ಲಿ ಹೆಚ್ಚಿನವರು ನನ್ನಂಥವರೇ. ಎಪ್ಪತ್ತು ದಾಟಿದ ತಂದೆತಾಯಿ ಒಂದೋ ಊರಲ್ಲಿದ್ದಾರೆ, ಇಲ್ಲವೇ ನಮ್ಮ ಎರಡು ಬೆಡ್‌ರೂಮಿನ ಮನೆಗೆ ಬಂದು ಹಗಲೆಲ್ಲ ಒಬ್ಬರೇ ಕೂತಿರುತ್ತಾರೆ. ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ನಾವು ಕೇಳಿದ್ದು ಕಡಿಮೆ. ನಾನಂತೂ ಕೇಳಿರಲಿಲ್ಲ.

ಅವ್ವನಿಗೆ ಎಪ್ಪತ್ತಮೂರು. ಸವದತ್ತಿ ಹತ್ತಿರದ ಹಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತಿಸಿಕೊಂಡು ಬಂದು ನಸುಕಿನಲ್ಲಿ ಕಾತ್ರಜದಲ್ಲಿ ಇಳಿಸಿದೆ. ಅದಾಗಿ ಐದು ವರ್ಷ. ತರಕಾರಿಯವನ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುವಷ್ಟು ಕಲಿತಿದ್ದಾಳೆ. ಮೊಮ್ಮಗಳು ಅವಳನ್ನು ನಮ್ಮ ಕಡೆಯ ರೂಢಿಯಂತೆ 'ಆಯಿ' ಅನ್ನುತ್ತಾಳೆ. ಇಲ್ಲಿಯ ಮಕ್ಕಳಿಗೆ ಆಯಿ ಅಂದರೆ ತಾಯಿ. ಹಾಗಾಗಿ ನನ್ನ ಮಗಳಿಗೆ ಇಬ್ಬರು ತಾಯಂದಿರು ಅಂತ ಅವಳ ಕ್ಲಾಸಿನಲ್ಲಿ ಬಹಳ ದಿನ ನಂಬಿದ್ದರು. ಮೂರು ವರ್ಷದ ಹಿಂದೆ ಅವ್ವನ ಎರಡೂ ಕಣ್ಣಿಗೆ ಮ್ಯಾಕ್ಯುಲರ್ ಡಿಜನರೇಶನ್ ಅಂತ ಗೊತ್ತಾಯಿತು. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ನಟ್ಟನಡುವಿನ ಚೂಪಾದ ದೃಷ್ಟಿಯ ಜಾಗ ಸವೆದುಹೋಗುವ ಕಾಯಿಲೆ ಅದು. ಅಂಚಿನಲ್ಲಿ ಕಾಣುತ್ತದೆ, ನಡುವೆ ಮಬ್ಬು. ಓಡಾಡುತ್ತಾಳೆ, ಬಚ್ಚಲಿಗೆ ಹೋಗುತ್ತಾಳೆ, ಆದರೆ ಎದುರಿಗೆ ನಿಂತ ನನ್ನ ಮುಖದ ಜಾಗದಲ್ಲಿ ಒಂದು ಕಲೆ. ಅವಳದು ಒಣ ಬಗೆಯದು. ಕಣ್ಣೊಳಗೆ ಇಂಜೆಕ್ಷನ್ ಕೊಟ್ಟು ತಡೆಯುವ ಬಗೆ ಬೇರೆ ಇದೆ. ಇವಳಿಗೆ ಅದು ಉಪಯೋಗವಿಲ್ಲ ಅಂದಿದ್ದರು.

ಹುಡುಗರ ಸುದ್ದಿಯನ್ನು ಹೆಂಡತಿ ರಾತ್ರಿ ಹೇಳಿದಾಗ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ಮರೆವಿನ ಕಾಯಿಲೆಯ ಲಕ್ಷಣಗಳನ್ನು ಓದಿ, ಬೆಳಗಾಗುವಷ್ಟರಲ್ಲಿ ತೀರ್ಮಾನವನ್ನೂ ಮಾಡಿಬಿಟ್ಟಿದ್ದೆ. ಎರಡು ದಿನಕ್ಕೆ ಒಂದು ವೈ-ಫೈ ಕ್ಯಾಮೆರಾ ತರಿಸಿ ಟಿವಿ ಮೇಲಿನ ಶೆಲ್ಫಿನಲ್ಲಿ ಕೂರಿಸಿದೆ. ಸಾಫ್ಟ್‌ವೇರಿನವರ ಬುದ್ಧಿ, ಮೊದಲು ಲಾಗ್ ನೋಡಬೇಕು. ವಾರದ ನಂತರ ಅವ್ವ ಮತ್ತೆ ಸಂಜೆ ಸೋಫಾದ ಕಡೆ ನೋಡುತ್ತ ಕೂತಿದ್ದಾಗ ರೆಕಾರ್ಡಿಂಗ್ ತೆಗೆದು ಅವಳ ಮುಂದೆ ಹಿಡಿದೆ. "ನೋಡವ್ವಾ, ಯಾರೂ ಇಲ್ಲ. ಕ್ಯಾಮೆರಾದಾಗ ಯಾರೂ ಬಂದಿಲ್ಲ." ಅವಳು ಮೊಬೈಲನ್ನು ಪಕ್ಕಕ್ಕೆ ಸರಿಸಿ, ಓರೆಗಣ್ಣಿನಿಂದ ನೋಡಲು ನೋಡಿ, ಕೈಬಿಟ್ಟಳು. "ನನಗ ನಿನ್ನ ಮಾರೀನ ಕಾಣಂಗಿಲ್ಲೋ ತಮ್ಮಾ. ಇದರಾಗ ಏನ ತೋರಸ್ತಿ?"

ಕ್ಯಾಮೆರಾ ಅವತ್ತೇ ಬಿಚ್ಚಿದೆ.

ಮೊದಲು ತೋರಿಸಿದ ಡಾಕ್ಟರು ಐದು ನಿಮಿಷ ನೋಡಿ, ವಯಸ್ಸಾಯಿತು, ಹೀಗೆಲ್ಲ ಆಗುತ್ತದೆ ಅಂದು ನಿದ್ದೆಯ ಮಾತ್ರೆ ಬರೆದರು. ಅದನ್ನು ತೆಗೆದುಕೊಂಡ ಮೂರನೇ ದಿನ ಅವ್ವ ಬಚ್ಚಲ ಬಾಗಿಲಲ್ಲಿ ತೂರಾಡಿದಳು. ಹೆಂಡತಿ ಕೈ ಹಿಡಿಯದಿದ್ದರೆ ಸೊಂಟದ ಎಲುಬಿನ ಕತೆ ಬೇರೆ ಬರೆಯಬೇಕಿತ್ತು. ಮಾತ್ರೆ ನಿಂತಿತು. ಅವ್ವನ ಬಾಯಿ ಮಾತ್ರ ಪೂರಾ ಮುಚ್ಚಿತು. ಏನು ಕೇಳಿದರೂ "ಏನಿಲ್ಲ, ಆರಾಮ ಅದೀನಿ."

ಬಾಯಿ ಬಿಡಿಸಿದ್ದು ನಾವಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಆರು ತಿಂಗಳಿಗೊಮ್ಮೆಯ ತಪಾಸಣೆ ಇತ್ತು. ನಾನು ಹುಡುಗರ ವಿಷಯ ಎತ್ತಿರಲಿಲ್ಲ. ಅದು ಕಣ್ಣಿನ ಸಂಗತಿ ಅಂತ ನನಗೆ ಹೊಳೆದೇ ಇರಲಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ರೆಟಿನಾದ ಫೋಟೊ ನೋಡಿ, ಕುರ್ಚಿ ಸರಿಸಿಕೊಂಡು, ತೀರ ಸಹಜವಾಗಿ, ಹಸಿವಾಗುತ್ತದೆಯೇ ಅಂತ ಕೇಳಿದ ಹಾಗೆ ಕೇಳಿದರು: "ಆಜೀ, ಜೇ ನಾಹೀ ತೇ ದಿಸತಂ ಕಾ?" ಇಲ್ಲದ್ದು ಕಾಣಿಸುತ್ತದೆಯಾ ಅಜ್ಜಿ? ಅನುವಾದಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತಾನೇ ಹೇಳಿದಳು. "ದಿಸತಂ."

ಏಳು ತಿಂಗಳು ಮಗನಿಗೆ ಹೇಳದ್ದನ್ನು ಪರರ ಭಾಷೆಯಲ್ಲಿ, ಒಂದೇ ಶಬ್ದದಲ್ಲಿ ಹೇಳಿದಳು. ಆಮೇಲೆ ಕನ್ನಡದಲ್ಲಿ ಹರಿಯಿತು. ನಾನು ಬರೀ ದುಭಾಷಿ. ಶುರುವಾದದ್ದು ಸಂಕ್ರಾಂತಿಯ ಹೊತ್ತಿಗೆ. ಮೊದಲು ಬರಿಯ ಗೋಡೆಯ ಮೇಲೆ ಕೌದಿಯ ತೇಪೆಗಳಂತೆ ಚೌಕುಳಿ, ಬಣ್ಣಬಣ್ಣದ್ದು, ಕಣ್ಣು ಹೊರಳಿಸಿದ ಕಡೆ ಹೊರಳುತ್ತಿತ್ತು. ಆಮೇಲೆ ಹೂಬಳ್ಳಿ. ಆಮೇಲೆ ಇಳಕಲ್ ಸೀರೆಯುಟ್ಟ ಹೆಂಗಸರು, ಮೊಣಕಾಲೆತ್ತರದವರು, ಸಾಲಾಗಿ ಬಾಲ್ಕನಿ ಕಡೆ ಹೋಗುತ್ತಾರೆ. ಮಾತಿಲ್ಲ, ಸಪ್ಪಳವಿಲ್ಲ. ಯಾರೂ ಇವಳ ಕಡೆ ನೋಡುವುದಿಲ್ಲ. ಅವರು ನಿಜವಲ್ಲ ಅಂತ ಅವಳಿಗೆ ಮೊದಲ ದಿನದಿಂದ ಗೊತ್ತು. ಸೋಫಾದ ಹುಡುಗರ ವಿಷಯದಲ್ಲಿ ಮಾತ್ರ ಮೋಸಹೋದಳು. ಮೊಮ್ಮಗಳ ಗೆಳತಿಯರು ದಿನಾ ಬಂದು ಕೂರುವ ಜಾಗ ಅದು, ಬೆಳಕೂ ಇರಲಿಲ್ಲ. "ಸೆರಗಿನ ಕೆಂಪು ರೇಷ್ಮಿ ಎಳಿ ಎಳಿ ಕಾಣತಿತ್ತು ನೋಡ್ರಿ" ಅಂದಳು. ನನ್ನ ಮುಖ ಕಾಣದವಳಿಗೆ ಇಲ್ಲದ ಸೀರೆಯ ಎಳೆ ಕಾಣುತ್ತಿತ್ತು.

ಡಾಕ್ಟರಮ್ಮ ನಗಲಿಲ್ಲ, ಹೌಹಾರಲೂ ಇಲ್ಲ. ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಅಂದರು. ಹುಚ್ಚಲ್ಲ, ಮರೆವಿನ ರೋಗವಲ್ಲ, ಕಣ್ಣು ಮಂದವಾದ ಅನೇಕರಿಗೆ ಹೀಗೆ ಆಗುತ್ತದೆ ಅಂದರು.

ಆ ಹೆಸರಿನ ಹಿಂದೆ ಒಬ್ಬ ಮೊಮ್ಮಗ ಇದ್ದಾನೆ. ಚಾರ್ಲ್ಸ್ ಬಾನೆಟ್ ಜಿನೀವಾದ ನಿಸರ್ಗ ವಿಜ್ಞಾನಿ. ಗಂಡಿನ ಸಂಗವಿಲ್ಲದೆಯೂ ಸಸ್ಯಹೇನು ಮರಿ ಹಾಕುತ್ತದೆ ಎಂದು ತೋರಿಸಿದವನು. ಅವನ ಅಜ್ಜ ಚಾರ್ಲ್ಸ್ ಲುಲಿನ್‌ಗೆ ತೊಂಬತ್ತರ ಹತ್ತಿರ ವಯಸ್ಸು, ಪೊರೆಯಿಂದ ಕಣ್ಣು ಮಂದ, ಬುದ್ಧಿ ಮಾತ್ರ ಚುರುಕು. ಅಜ್ಜನಿಗೆ ಮನುಷ್ಯರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣತೊಡಗಿದವು. ಮೊದಲಿಗೆ ಬಂದದ್ದು ಮೂಲೆಗಳಲ್ಲಿ ಹಳದಿ ಗುರುತಿದ್ದ ನೀಲಿ ಕರವಸ್ತ್ರದಂಥದ್ದು. ಮೊಮ್ಮಗ ವಾದ ಮಾಡಲಿಲ್ಲ. ಅಜ್ಜ ಹೇಳಿದ್ದನ್ನು ಕೇಳಿ 1760ರ ತನ್ನ ಗ್ರಂಥದಲ್ಲಿ ದಾಖಲಿಸಿದ. ಮುಂದೆ ಅವನ ಕಣ್ಣುಗಳೂ ಕೆಟ್ಟವು. ಸುಮಾರು 1930ರ ದಶಕದಲ್ಲಿ ಜಿನೀವಾದವರೇ ಆದ ನರವೈದ್ಯ ಜಾರ್ಜ್ ದ ಮೋರ್ಸಿಯೆ ಈ ಸ್ಥಿತಿಗೆ ಬಾನೆಟ್‌ನ ಹೆಸರಿಟ್ಟರು. ಇನ್ನೂರೈವತ್ತು ವರ್ಷ ಹಿಂದಿನ ಆ ಮೊಮ್ಮಗ ಮಾಡಿದ ಕೆಲಸಕ್ಕೂ ನಾನು ಕ್ಯಾಮೆರಾ ತಂದು ಮಾಡಿದ ಕೆಲಸಕ್ಕೂ ಇರುವ ವ್ಯತ್ಯಾಸ ನೋಡಿ.

ಹೀಗೇಕಾಗುತ್ತದೆ? ನೋಡುವುದು ಕಣ್ಣಿನ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ಕಣ್ಣು ಕಳಿಸುವುದು ಬರೀ ಸುದ್ದಿ. ಚಿತ್ರ ಕಟ್ಟುವುದು ತಲೆಯ ಹಿಂಭಾಗದ ಮಿದುಳು. ಸುದ್ದಿ ಬರುವುದು ಕಡಿಮೆಯಾದರೆ ಆ ಭಾಗ ಕೈಕಟ್ಟಿ ಕೂರುವುದಿಲ್ಲ, ಇನ್ನಷ್ಟು ಸೂಕ್ಷ್ಮವಾಗಿ ತನ್ನಷ್ಟಕ್ಕೆ ಮಿಡಿಯತೊಡಗುತ್ತದೆ. ಕತ್ತರಿಸಿದ ಕಾಲು ಇನ್ನೂ ತುರಿಸುತ್ತದೆ ಅನ್ನುವವರ ವಿಷಯ ಕೇಳಿರುತ್ತೀರಿ, ಇದು ಅದರ ಕಣ್ಣಿನ ತಮ್ಮ. ಕಣ್ಣು ಚೆನ್ನಾಗಿರುವವರಿಗೂ ಇದು ಆಗಬಹುದು. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಆರೋಗ್ಯವಂತ 13 ಜನರಿಗೆ ಐದು ದಿನ ಕಣ್ಣು ಕಟ್ಟಿದರು. ಅವರಲ್ಲಿ 10 ಜನಕ್ಕೆ ಇಲ್ಲದ್ದು ಕಾಣಿಸಿತು. 1998ರಲ್ಲಿ ಲಂಡನ್ನಿನಲ್ಲಿ ಡಾಮಿನಿಕ್ ಫಿಚ್ ಮತ್ತು ಸಂಗಡಿಗರು ಇಂಥ ರೋಗಿಗಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಬಣ್ಣ ಕಂಡವರಲ್ಲಿ ಬಣ್ಣ ಗುರುತಿಸುವ ಭಾಗ, ಮುಖ ಕಂಡವರಲ್ಲಿ ಮುಖ ಗುರುತಿಸುವ ಭಾಗ ಚುರುಕಾಗಿತ್ತು. ನೆನಪಿಸಿಕೊಳ್ಳುವುದು, ಊಹಿಸಿಕೊಳ್ಳುವುದು ಬೇರೆ. ಅವ್ವ "ಕಂಡಿತು" ಅಂದರೆ ಅವಳ ಮಿದುಳಿನ ಮಟ್ಟಿಗೆ ಕಂಡಿತ್ತು. "ಏನೂ ಇಲ್ಲ" ಅಂತ ನಾನು ಹಟ ಹಿಡಿದದ್ದು ಅರ್ಧ ಮಾತ್ರ ನಿಜ.

ಇಲ್ಲಿ ಸಣ್ಣ ತಕರಾರು. ಹಗ್ಗ ಕಂಡು ಹಾವು ಅಂತ ಬೆಚ್ಚುವ ವೇದಾಂತದ ಉದಾಹರಣೆ ನಮಗೆಲ್ಲ ಬಾಯಿಪಾಠ. (ಕಾತ್ರಜದ ಹಾವಿನ ಪಾರ್ಕಿನ ನೆರೆಯಲ್ಲಿರುವ ನಮಗೆ ಹಾವು ಹಾವೇ ಇದ್ದರೂ ಆಶ್ಚರ್ಯವಿಲ್ಲ.) ಅಲ್ಲಿ ಹಗ್ಗವಾದರೂ ಇತ್ತು. ಹಗ್ಗವೇ ಇಲ್ಲದೆ ಹಾವು ಕಂಡರೆ ಅದು ಈ ಬಗೆ. ಕನ್ನಡದಲ್ಲಿ ಎರಡಕ್ಕೂ 'ಭ್ರಮೆ' ಅಂದುಬಿಡುತ್ತೇವೆ, 'ಭ್ರಮೆ ಹಿಡಿದಿದೆ' ಅಂದರೆ ಹುಚ್ಚು ಅಂತಲೂ ಅರ್ಥ. ಆಫೀಸಿನ ಕನ್ನಡವೂ ಇದಕ್ಕಿಂತ ಮೇಲಲ್ಲ. ಎಐ ಇಲ್ಲದ್ದನ್ನು ಕಟ್ಟಿ ಹೇಳಿದರೆ 'ಹ್ಯಾಲುಸಿನೇಟ್ ಮಾಡ್ತು' ಅನ್ನುತ್ತೇವೆ, ದಿನಕ್ಕೆ ಹತ್ತು ಸಲ. ಮಷೀನಿಗೆ ತಾನು ಹೇಳಿದ್ದು ಸುಳ್ಳು ಅಂತ ಗೊತ್ತಿರುವುದಿಲ್ಲ. ನಮ್ಮವ್ವನಿಗೆ ಗೊತ್ತಿತ್ತು. ಆ ಶಬ್ದ ಈಗ ಮೀಟಿಂಗಿನಲ್ಲಿ ಬಂದಾಗೆಲ್ಲ ನನಗೆ ಇರಿಸುಮುರಿಸು.

ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಆಸ್ಪತ್ರೆಯಿಂದ ಬರುವಾಗ ರಿಕ್ಷಾದಲ್ಲಿ ಕೇಳಿದೆ. ಸ್ವಾರಗೇಟ್ ದಾಟುವವರೆಗೆ ಮಾತಾಡಲಿಲ್ಲ. ಆಮೇಲೆ ಅವಳ ದೊಡ್ಡವ್ವನ ಕತೆ ಹೇಳಿದಳು. ಅವ್ವ ಹತ್ತು-ಹನ್ನೊಂದರ ಹುಡುಗಿ. ದೊಡ್ಡವ್ವನಿಗೆ ಎರಡೂ ಕಣ್ಣಲ್ಲಿ ಪೊರೆ ಬಲಿತು ಬೆಳಕು-ಕತ್ತಲೆ ಅಷ್ಟೇ ತಿಳಿಯುತ್ತಿತ್ತು. ಅಂಥವಳು ಪಡಸಾಲೆಯಲ್ಲಿ ಕೂತು "ಕುದರಿ ಹೊಂಟಾವ, ಜೂಲಾ ಹಾಕ್ಯಾರ" ಅನ್ನುತ್ತಿದ್ದಳಂತೆ. ಗಾಳಿ ಬಡದೈತಿ ಅಂದರು. ಮಂತ್ರವಾದಿಯನ್ನು ಕರೆಸಿದರು. ಮೆಣಸಿನಕಾಯಿ ಹೊಗೆ, ಬೇವಿನ ಬರಲಿನ ಹೊಡೆತ. ಹಿಡಿದುಕೊಂಡವರಲ್ಲಿ ಅವ್ವನ ಅಪ್ಪನೂ ಇದ್ದ. ಮುಂದೆ ದೊಡ್ಡವ್ವನನ್ನು ಚಕ್ಕಡಿಯಲ್ಲಿ ಡಾ. ಎಂ.ಸಿ. ಮೋದಿಯವರ ಶಿಬಿರಕ್ಕೆ ಒಯ್ದು ಒಂದು ಕಣ್ಣಿನ ಪೊರೆ ತೆಗೆಸಿದರು. ಬೀಳಗಿಯ ಮೋದಿಯವರ ಕಣ್ಣಿನ ಶಿಬಿರಗಳ ನೆನಪು ನಮ್ಮ ಕಡೆ ಪ್ರತಿ ಮನೆಯಲ್ಲೂ ಇದೆ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಗಿನ್ನೆಸ್ ಪುಸ್ತಕ ಸೇರಿದವರು. ಪೊರೆ ತೆಗೆದು ದೃಷ್ಟಿ ಮರಳಿದರೆ ಇಂಥ ದೃಶ್ಯಗಳು ನಿಲ್ಲುವುದುಂಟು. ದೊಡ್ಡವ್ವನ ಕುದುರೆಗಳು ಯಾವಾಗ ನಿಂತವು ಅಂತ ಅವ್ವನಿಗೆ ನೆನಪಿಲ್ಲ. ಮೆಣಸಿನಕಾಯಿ ಹೊಗೆಯ ಘಾಟು ಮಾತ್ರ ನೆನಪಿದೆ.

"ನೀವೇನ ಹೊಗಿ ಹಾಕಂಗಿಲ್ಲ, ನನಗ ಗೊತ್ತೈತಿ. ಆದ್ರ ಹುಚ್ಚಿ ಅಂತ ಮಾಡಿ ಎಲ್ಲರ ಬಿಟ್ಟ ಬಂದ್ರ?" ಅಂದಳು. ರಿಕ್ಷಾದವನಿಗೆ ಕನ್ನಡ ಬರುವುದಿಲ್ಲ ಅಂತ ನಾನು ಸುಮ್ಮನೆ ದೇವರಿಗೆ ಕೈಮುಗಿದೆ.

ನರವೈದ್ಯ ಮತ್ತು ಲೇಖಕ ಆಲಿವರ್ ಸ್ಯಾಕ್ಸ್ 2009ರ ಒಂದು ಭಾಷಣದಲ್ಲಿ ಹೇಳಿದ್ದಿದೆ: ದೃಷ್ಟಿ ಮಂದವಾದವರಲ್ಲಿ ನೂರಕ್ಕೆ ಹತ್ತು ಜನಕ್ಕೆ ಇಂಥ ದೃಶ್ಯಗಳು ಕಾಣುತ್ತವೆ, ಬಾಯಿಬಿಟ್ಟು ಹೇಳುವವರು ನೂರಕ್ಕೆ ಒಬ್ಬರೂ ಇಲ್ಲ. ಅವರ ರೋಗಿಯಾಗಿದ್ದ ತೊಂಬತ್ತು ದಾಟಿದ ಕುರುಡು ಅಜ್ಜಿಗೆ ಪೂರ್ವದೇಶದ ಉಡುಪು ತೊಟ್ಟವರು ಮೆಟ್ಟಿಲು ಹತ್ತಿ ಇಳಿಯುವುದು ಕಾಣುತ್ತಿತ್ತಂತೆ. ಅಲ್ಲಿಯ ಅಜ್ಜಿಗೆ ನಮ್ಮ ಕಡೆಯವರು, ನಮ್ಮ ಅಜ್ಜಿಗೆ ಇಳಕಲ್.

ಇದನ್ನು ಓದಿ ಯಾರೂ ತಮ್ಮ ತಂದೆತಾಯಿಗೆ ತಾವೇ ಈ ಹೆಸರು ಹಚ್ಚಬಾರದು. ಅವ್ವನ ಕಣ್ಣಿನ ಡಾಕ್ಟರೂ ತಾವೊಬ್ಬರೇ ತೀರ್ಮಾನ ಮಾಡದೆ ನರವೈದ್ಯರ ಹತ್ತಿರ ಕಳಿಸಿದರು. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ನಡಿಗೆ, ಮಾತ್ರೆಗಳ ಪಟ್ಟಿ ಎಲ್ಲ ನೋಡಿದ ಮೇಲೆಯೇ ಹೌದು ಅಂದದ್ದು. ಕಾಣಿಸಿದ್ದನ್ನು ನಿಜವೆಂದೇ ಗಟ್ಟಿಯಾಗಿ ನಂಬಿದರೆ, ದೃಶ್ಯದ ಜೊತೆ ಮಾತೂ ಕೇಳಿಸಿದರೆ, ವಾಸನೆ ಬಂದರೆ ದಾರಿ ಬೇರೆ. ಕೈನಡುಕ, ಬಿಗಿದ ನಡಿಗೆ, ನಿದ್ದೆಯಲ್ಲಿ ಒದೆದಾಡುವುದು, ದಿನಕ್ಕೊಂದು ರೀತಿಯ ಮಂಕು ಇದ್ದರೆ ಪಾರ್ಕಿನ್ಸನ್ ಅಥವಾ ಲೆವಿ ಬಾಡಿ ಡಿಮೆನ್ಷಿಯಾ ಇರಬಹುದು. ಪಾರ್ಕಿನ್ಸನ್‌ಗೆ ಕೊಡುವ ಮಾತ್ರೆಗಳೂ ಇಲ್ಲದ್ದನ್ನು ತೋರಿಸುತ್ತವೆ. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಎಲ್ಲಿದ್ದೇನೆ ಅಂತಲೇ ತಿಳಿಯದೆ ಗೋಡೆಯ ಮೇಲೆ ಹುಳ ತೋರಿಸುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಸೋಂಕು, ಸೋಡಿಯಂ ಕಡಿಮೆಯಾಗುವುದು, ಹೊಸ ಮಾತ್ರೆ, ದಿನಾ ಕುಡಿಯುವವರು ತಟ್ಟನೆ ಬಿಟ್ಟದ್ದು, ಹೀಗೆ ಯಾವುದಾದರೂ ಇದ್ದೀತು. ಕಣ್ಣಲ್ಲಿ ದಿಢೀರನೆ ಮಿಂಚು, ಕರಿ ಚುಕ್ಕೆಗಳ ಸುರಿಮಳೆ, ಪರದೆ ಎಳೆದಂತಾಗುವುದು ಇದ್ದರೆ ರೆಟಿನಾ ಕಳಚುತ್ತಿರಬಹುದು. ಅದಕ್ಕೆ ನಾಳೆ ಅನ್ನಬಾರದು.

ಅವ್ವನಿಗೆ ಕೊಟ್ಟ ಔಷಧಿ ಏನೂ ಇಲ್ಲ. ಹಾಲ್‌ಗೆ ದೊಡ್ಡ ಬಲ್ಬು ಬಂತು, ನಾಲ್ಕು ಗಂಟೆಗೇ ಹಚ್ಚುತ್ತೇವೆ. ಮಂದ ಬೆಳಕು, ಒಂಟಿತನ, ಕೈಗೆ ಕೆಲಸವಿಲ್ಲದ ಹೊತ್ತು, ಈ ಮೂರೂ ಕೂಡಿದಾಗ ಇವು ಹೆಚ್ಚು ಬರುತ್ತವಂತೆ. ಬಂದಾಗ ತಲೆ ಆಡಿಸದೆ ಕಣ್ಣುಗಳನ್ನಷ್ಟೇ ಎಡಕ್ಕೆ-ಬಲಕ್ಕೆ ಹದಿನೈದು-ಇಪ್ಪತ್ತು ಸಲ ಹೊರಳಿಸುವುದು, ಎದ್ದು ನಾಲ್ಕು ಹೆಜ್ಜೆ ಹೋಗುವುದು, ಇಲ್ಲವೇ ಕೈ ಚಾಚಿ ಮುಟ್ಟಹೋಗುವುದು. ಒಮ್ಮೊಮ್ಮೆ ಮಾಯವಾಗುತ್ತವೆ, ಒಮ್ಮೊಮ್ಮೆ ಇಲ್ಲ. ಅನೇಕರಿಗೆ ಒಂದು-ಒಂದೂವರೆ ವರ್ಷದಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತವೆ.

ನಿಜವಾದ ಬದಲಾವಣೆ ಮಾಡಿದವಳು ಮಗಳು. ಅವಳಿಗೆ ಎಲ್ಲವನ್ನೂ ಹೇಳಬೇಕೋ ಬೇಡವೋ ಅಂತ ನಾವಿಬ್ಬರು ಒಳಗೆ ಗುಸುಗುಸು ಮಾಡುತ್ತಿದ್ದಾಗ ಅವಳು ಹೊರಗೆ "ಆಯಿ, ಇವತ್ತ ಎಷ್ಟ ಮಂದಿ ಬಂದಾರ? ಏನ ಹಾಕ್ಕೊಂಡಾರ?" ಅಂತ ಶುರುಮಾಡಿಬಿಟ್ಟಿದ್ದಳು. ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಆಯಿ ಹೇಳಿದಂತೆ ಇವಳು ಚಿತ್ರ ಬರೆದು ತಾರೀಖು ಹಾಕುತ್ತಾಳೆ. ಕೌದಿ ಚೌಕುಳಿ, ಸಣ್ಣ ಹೆಂಗಸರು, ಒಂದು ಸಲ ಹಲ್ಲು ಕಿಸಿದ ಮುಖ. ಅದು ಬಂದ ದಿನ ಅವ್ವ ನಿಜವಾಗಿಯೂ ಹೆದರಿದ್ದಳು. ಹೆದರಿಕೆಯಾಯಿತು ಅಂತ ಹೇಳಿದಳು. ಮೊದಲಾಗಿದ್ದರೆ ಹೇಳುತ್ತಿರಲಿಲ್ಲ.

ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರಮ್ಮನಿಗೆ ನೋಟ್‌ಬುಕ್ ತೋರಿಸಿದೆವು. ಅವರು ಒಂದೊಂದೇ ಪುಟ ತಿರುವುತ್ತಿದ್ದಾಗ ಅವ್ವ ನನ್ನ ತೋಳು ಜಗ್ಗಿ, ಇದನ್ನ ಕೇಳು ಅಂದಳು. "ಊರೆಲ್ಲಾ ಬರತಾರ. ಗುರುತಿನವರು ಯಾಕ ಬರಂಗಿಲ್ಲಂತ ಕೇಳ. ನಿಮ್ಮಪ್ಪ ಒಂದ ದಿನಾನೂ ಬರಲಿಲ್ಲ." ನಾನು ಅನುವಾದಿಸಿದೆ, ಕೊನೆಯ ವಾಕ್ಯ ಬಿಟ್ಟು. ಹೆಚ್ಚಿನವರಿಗೆ ಕಾಣುವುದು ಅಪರಿಚಿತರೇ ಅಂತ ಅವರು ಹೇಳಿದರು. ಇವು ನೆನಪಿನ ಪೆಟ್ಟಿಗೆಯಿಂದ ಎದ್ದು ಬರುವ ಚಿತ್ರಗಳಲ್ಲ, ನೋಡುವ ಭಾಗ ತಾನೇ ಕಟ್ಟುವಂಥವು. ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬ್ಯಾರೆಯವರ ಬರಲಿ ಬಿಡು" ಅಂದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಮರಾಠಿಯಲ್ಲಿ, ಮುಂದಿನ ತಾರೀಖು ಯಾವಾಗ ಅಂತ ಕೇಳಿದಳು.